ಅಂಗೈಯಗಲದ ನೆಲ

ಪುಟ್ಟೀ, ದೀಪಾವಳಿ ಕಳೆದ ವಾರ ನೀನು ಬೆಂಗಳೂರಿಂದ ಬಂದು, ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದವಳೇ "ದೊಡ್ಡಪ್ಪ, ಸೊಂಟ ಬಿದ್ದುಹೋಯ್ತು. ಈ ಕಾರು ಎತ್ತೆತ್ತಿ ಹಾಕ್ತದೆ. ಗಾಳಿ ಸ್ವಲ್ಪ ಇಳಿಸ್ಲಾ?" ಅಂದೆಯಲ್ಲ, ಆಗ ನಾನು ಉತ್ತರ ಕೊಡಲಿಲ್ಲ. "ಬೆಳಿಗ್ಗೆ ನೋಡುವ, ಈಗ ಕೈಕಾಲು ತೊಳಿ" ಅಂದೆ. ಮುದುಕನ ಸೋಮಾರಿತನ ಅಂದುಕೊಂಡಿರುತ್ತೀ. ಅಲ್ಲ ಮಾರಾಯ್ತಿ. ಮುನ್ನೂರೈವತ್ತು ಕಿಲೋಮೀಟರಿನ ಹತ್ತಿರ ಓಡಿ ಬಂದ ಚಕ್ರ ಕಾದಿರುತ್ತದೆ. ಕಾದ ಚಕ್ರದ ಗಾಳಿ ಅಳೆಯುವುದೂ ಗುಡ್ಡ ಹತ್ತಿ ಬಂದವನ ನಾಡಿ ಹಿಡಿದು "ನಿನಗೆ ಜ್ವರ" ಅನ್ನುವುದೂ ಒಂದೇ. ರಾತ್ರಿಯಿಡೀ ತಣ್ಣಗೆ ನಿಲ್ಲಲಿ ಎಂದು ಬಿಟ್ಟೆ.

ಬೆಳಿಗ್ಗೆ ಆರೂವರೆಗೆ ನೀನಿನ್ನೂ ಕಂಬಳಿಯೊಳಗೆ ಇದ್ದೆ. ತೋಟದ ಕಡೆಯಿಂದ ಮಂಜು ಅಂಗಳದವರೆಗೂ ಬಂದಿತ್ತು. ಎಲೆಅಡಿಕೆ ತಟ್ಟೆಯ ಪಕ್ಕದ ತಗಡಿನ ಡಬ್ಬದಲ್ಲಿ ನನ್ನದೊಂದು ಪೆನ್ಸಿಲಿನಂಥ ಗಾಳಿ ಅಳೆಯುವ ಗೇಜ್ ಇದೆಯಲ್ಲ, ಅದನ್ನು ಹಿಡಿದು ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ನೋಡಿದೆ. ಮುಂದಿನ ಬಲಕ್ಕೆ 41. ಮುಂದಿನ ಎಡಕ್ಕೆ 40. ಹಿಂದಿನ ಬಲಕ್ಕೆ 39. ಹಿಂದಿನ ಎಡಕ್ಕೆ 31. ಡ್ರೈವರ್ ಬಾಗಿಲು ತೆಗೆದು ಅದರ ಕಂಬಕ್ಕೆ ಅಂಟಿಸಿದ ಚೀಟಿ ಓದಿದೆ: 33. ಅಂದರೆ ಮೂರು ಚಕ್ರ ಹೊಟ್ಟೆ ಬಿರಿಯುವಷ್ಟು ಉಂಡಿವೆ, ಒಂದಕ್ಕೆ ಉಪವಾಸ. ಆ ಒಂದರ ವಾಲ್ವಿಗೆ ಮುಚ್ಚಳ ಇರಲಿಲ್ಲ. ಬೆರಳಿಗೆ ಎಂಜಲು ಮುಟ್ಟಿಸಿ ಅದರ ಬಾಯಿಗೆ ಹಚ್ಚಿದೆ. ಮೂರೆಣಿಸುವುದರೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಒಳಗಿನ ಪಿನ್ ಸಡಿಲ. ನೀನು ರಾತ್ರಿಯೇ ಅಂದಾಜಿಗೆ ನಾಲ್ಕೂ ಚಕ್ರದಿಂದ ಒಂದೇ ಸಮ ಎಂಟು ಹತ್ತು ಇಳಿಸಿದ್ದರೆ ಮೂರು ಸರಿಯಾಗುತ್ತಿದ್ದವು, ಆ ನಾಲ್ಕನೆಯದು 20ರ ಹತ್ತಿರ ಹೋಗಿ ಕೂರುತ್ತಿತ್ತು. ನೀನು ಮರುದಿನ ಹೊರಟದ್ದು ಆಗುಂಬೆ ಘಾಟಿಗೆ.

ಯಾಕೆ 41 ಆಯಿತು ಅಂತ ಕೇಳಿದ್ದಕ್ಕೆ ನೀನು ಹೇಳಿದ ಎರಡು ಮಾತಿನಲ್ಲಿ ಊರಿನ ಎಲ್ಲ ಕಾರಿನವರ ಕಥೆಯೂ ಇದೆ. ಒಂದು, ಹೊರಡುವ ಮೊದಲು ಬಂಕಿನ ಹುಡುಗನಿಗೆ "ಫುಲ್ ಹಾಕಪ್ಪ, ದೂರ ಹೋಗ್ಬೇಕು" ಅಂದೆ. ಪೆಟ್ರೋಲಿಗೆ ಫುಲ್ ಇದೆ, ಗಾಳಿಗೆ ಫುಲ್ ಅನ್ನುವುದಿಲ್ಲ. ಅವನೇನು ಮಾಡಿಯಾನು, ತನ್ನ ಕೈರೂಢಿಯ 40 ಒತ್ತಿದ. ಎರಡು, "ಟಯರ್ ಮೇಲೇ 51 ಅಂತ ಬರ್ದಿದೆ ದೊಡ್ಡಪ್ಪ, 41 ಕಮ್ಮಿಯೇ ಅಲ್ವಾ?" ಅಂದೆ. ಟಯರಿನ ಹೊಟ್ಟೆಯ ಮೇಲೆ ಅಚ್ಚು ಹಾಕಿದ 44, 51 ಎಲ್ಲ ಆ ಟಯರು ತಡೆಯುವ ಕೊನೆಯ ಮಿತಿ. ಅದೇ ಟಯರು ಹಗುರ ಕಾರಿಗೂ ಹಾಕುತ್ತಾರೆ, ಭಾರದ ಕಾರಿಗೂ ಹಾಕುತ್ತಾರೆ. ಟಯರು ಮಾಡಿದವನಿಗೆ ನಿನ್ನ ಕಾರು ಯಾವುದೆಂದೇ ಗೊತ್ತಿಲ್ಲ. ಕಾರು ಮಾಡಿದವನಿಗೆ ಗೊತ್ತು. ಅವನು ತೂಕ, ಸ್ಪ್ರಿಂಗು, ಸ್ಟೇರಿಂಗು ಎಲ್ಲ ಲೆಕ್ಕ ಹಾಕಿ ಬರೆದದ್ದೇ ಬಾಗಿಲ ಕಂಬದ ಚೀಟಿ. ಕೆಲವು ಕಾರಿಗೆ ಅದು ಪೆಟ್ರೋಲ್ ಮುಚ್ಚಳದ ಒಳಬದಿಗೆ ಇರುತ್ತದೆ. ಸಣ್ಣ ಕಾರುಗಳಿಗೆ ಅದು ಸಾಧಾರಣ 30ರಿಂದ 36ರ ಒಳಗೆ. ಚೀಟಿಯಲ್ಲಿ ಬಾರ್ ಲೆಕ್ಕದಲ್ಲಿದ್ದರೆ ಹೆದರಬೇಡ: 1 ಬಾರ್ ಅಂದರೆ 14.5 ಪೌಂಡ್. 2.3 ಅಂತ ಇದ್ದರೆ ಅದೇ ನಿನ್ನ 33.

ಈ ಪೌಂಡ್ ಅನ್ನುವುದು ಎಂಥದು ಅಂತ ಒಮ್ಮೆ ಸರಿಯಾಗಿ ತಿಳಕೊ. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತುತ್ತದೆ ಅನ್ನುವ ಲೆಕ್ಕ ಅದು. ನಿನ್ನ ಕಾರು, ನೀನು, ನಿನ್ನ ಚೀಲ ಎಲ್ಲ ಸೇರಿ 1200 ಕಿಲೋ ಅಂತ ಇಟ್ಟುಕೊ. ಒಂದು ಚಕ್ರದ ಪಾಲು 300 ಕಿಲೋ, ಅಂದರೆ 660 ಪೌಂಡಿನಷ್ಟು. ಅದನ್ನು 33ರಿಂದ ಭಾಗಿಸು. 20 ಚದರ ಇಂಚು. ಐದು ಇಂಚು ಉದ್ದ, ನಾಲ್ಕು ಇಂಚು ಅಗಲ. ನಿನ್ನ ಅಂಗೈ ಚಾಚಿ ನೆಲದ ಮೇಲಿಡು, ಅಷ್ಟೇ. ಇಷ್ಟು ದೊಡ್ಡ ಕಾರು, ಅದರ ಎಂಜಿನ್ನು, ಬ್ರೇಕು, ಏರ್‌ಬ್ಯಾಗು ಎಲ್ಲದಕ್ಕೂ ಭೂಮಿಯ ಜೊತೆ ಇರುವ ಸಂಬಂಧ ನಾಲ್ಕು ಅಂಗೈಯಗಲದ ನೆಲ. ಟಯರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ಕೂದಲೆಳೆ ಆಚೀಚೆ ಆಗುತ್ತದೆ, ಆದರೂ ಮಾತು ಇದೇ. 41 ಹಾಕಿದರೆ ಆ ಅಂಗೈ 16 ಚದರ ಇಂಚಿಗೆ ಕುಗ್ಗುತ್ತದೆ. ನಡುವಿನ ಪಟ್ಟಿ ಮಾತ್ರ ನೆಲಕ್ಕೆ ತಾಗಿ, ಅಲ್ಲೇ ಬೇಗ ಸವೆಯುತ್ತದೆ. ಗಾಳಿ ಇಳಿಸಿದರೆ ಅಂಗೈ ದೊಡ್ಡದಾಗುತ್ತದೆ, ಹೌದು. ದೊಡ್ಡದಾದರೆ ಒಳ್ಳೆಯದೇ ಅಲ್ಲವಾ ಅಂತ ನಿನ್ನ ಹಾಗೇ ನಾನೂ ಅಂದುಕೊಂಡಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಚಕ್ರದೊಳಗೆ ಗಾಳಿ ತುಂಬುವ ಬುದ್ಧಿ ಮನುಷ್ಯನಿಗೆ ಬಂದದ್ದೇ ಸುಖ ಸವಾರಿಗಾಗಿ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನದ ಡಾಕ್ಟರು ಅದಕ್ಕೆ ಪೇಟೆಂಟ್ ಪಡೆದ. ಅವನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಅನ್ನುತ್ತಿತ್ತಂತೆ, ಅದಕ್ಕೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿದ. ಅದೇ ಕಾಲದ ನಮ್ಮ ಊರಿನ ಕಥೆ ಬೇಕಾದರೆ 'ಮಲೆಗಳಲ್ಲಿ ಮದುಮಗಳು' ತೆಗೆದು ನೋಡು. ಕುವೆಂಪು ಅದನ್ನು ಪ್ರಕಟಿಸಿದ್ದು 1967ರಲ್ಲಾದರೂ ಕಥೆ ನಡೆಯುವುದು 19ನೇ ಶತಮಾನದ ಕೊನೆಗೆ. ಅಲ್ಲಿ ಪಾದ್ರಿಯ ಬೈಸಿಕಲ್ಲು ನಮ್ಮವರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದೆ. ನನಗೆ ಆ ಹೆಸರು ನಗೆಗಿಂತ ಹೆಚ್ಚು ನಿಜ ಅನ್ನಿಸುತ್ತದೆ. ಗಾಳಿ ವಿಪರೀತ ಬಿಗಿಯಾದ ಸೈಕಲ್ಲಿನಲ್ಲಿ ಗಡಿಕಲ್ಲು ಊರಿನಿಂದ ಇಲ್ಲಿಗೆ ನಮ್ಮ ಕಾಲದ ಜಲ್ಲಿಕಲ್ಲಿನ ದಾರಿಯಲ್ಲಿ ತುಳಿದು ಬಂದವನಿಗೆ ಬೀಸುವ ಕಲ್ಲಿನ ಮೇಲೆ ಕೂತು ಬಂದ ಹಾಗೇ ಆಗುತ್ತಿತ್ತು. ನಾವು ಆಗ ಹೆಬ್ಬೆರಳಲ್ಲಿ ಟಯರು ಒತ್ತಿ ನೋಡಿ, ವಾಲ್‌ಟ್ಯೂಬ್ ಸಡಿಲಿಸಿ ಪುಸ್ ಎಂದು ಒಂದು ಉಸಿರು ಬಿಡಿಸಿ ಹತ್ತುತ್ತಿದ್ದೆವು. ಸೈಕಲ್ಲಿಗೆ ಆ ಹೆಬ್ಬೆರಳಿನ ಲೆಕ್ಕ ಸಾಕಾಗುತ್ತಿತ್ತು. ಬಿದ್ದರೆ ಮಂಡಿ ತರಚುತ್ತಿತ್ತು, ಅಷ್ಟೇ.

ಅದೇ ಲೆಕ್ಕವನ್ನು ನಾನು ಕಾರಿಗೆ ಹಚ್ಚಿದ್ದು 1994ರ ಆಷಾಢದಲ್ಲಿ. ಕುವೆಂಪು ತೀರಿಕೊಂಡ ವರ್ಷ; ಆ ನವೆಂಬರಿನಲ್ಲಿ ಕವಿಶೈಲದಲ್ಲಿ ಅವರ ಸಂಸ್ಕಾರವಾದಾಗ ನಾನೂ ಗುಡ್ಡದ ಮೇಲೆ ನಿಂತಿದ್ದೆ. ಅದಕ್ಕೆ ನಾಲ್ಕು ತಿಂಗಳ ಹಿಂದೆ, ನಿನ್ನ ಸಣ್ಣತ್ತೆಗೆ ತುಂಬಿದ ತಿಂಗಳು. ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾಯಿತು. ಆಗ ನಾನು ತೀರ್ಥಹಳ್ಳಿ-ಕೊಪ್ಪ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದವನು. ಅವತ್ತು ಪರಿಚಯದವರ ಅಂಬಾಸಿಡರ್ ಕಾರು ಕೇಳಿ ತಂದೆ. ಹೆಂಗಸು ಹೊಟ್ಟೆ ಹಿಡಿದುಕೊಂಡು ಕೂತಿದ್ದಾಳೆ, ರಸ್ತೆ ತುಂಬ ಹೊಂಡ, ಕುಲುಕಬಾರದು ಅಂತ ನಾನೊಬ್ಬ ಬುದ್ಧಿವಂತ ನಾಲ್ಕೂ ಚಕ್ರದ ಗಾಳಿ ಕೈಯಂದಾಜಿಗೆ ಇಳಿಸಿದೆ. ಟಯರಿನ ಹೊಟ್ಟೆ ನೆಲಕ್ಕೆ ಕೂತಿತು. ಆಗುಂಬೆಯವರೆಗೆ ಎಲ್ಲರೂ ಹೊಗಳಿದರು, ಹೂವಿನ ಮೇಲೆ ಹೋದ ಹಾಗೆ ಹೋಗುತ್ತದೆ ಅಂತ.

ಘಾಟಿಯಲ್ಲಿ ಹದಿನಾಲ್ಕು ತಿರುವು. ಮೊದಲ ಎರಡು ತಿರುವಿನಲ್ಲೇ ಸ್ಟೇರಿಂಗು ಹಿಟ್ಟು ಕಲಸುವ ಹಾಗೆ ಭಾರವಾಯಿತು. ಮಳೆ ಎಂದರೆ ಆಗುಂಬೆಯ ಮಳೆ, ವೈಪರ್ ಒರೆಸಿದ್ದು ಕಾಣುವುದೇ ಇಲ್ಲ. ಐದನೆಯದೋ ಆರನೆಯದೋ ತಿರುವಿನಲ್ಲಿ ಪೂರ್ತಿ ತಿರುಗಿಸಿದ್ದೇನೆ, ಕಾರು ತಿರುಗಿತು, ಆದರೆ ತಡವಾಗಿ ತಿರುಗಿತು. ಸ್ಟೇರಿಂಗು ತಿರುಗಿದ್ದು ಮೊದಲು, ಟಯರಿನ ಗೋಡೆ ಮಡಚಿದ್ದು ಆಮೇಲೆ, ಕಾರು ಹೊರಳಿದ್ದು ಅದರ ಆಮೇಲೆ. ಅಷ್ಟರಲ್ಲಿ ಮುಂದಿನ ಎಡ ಚಕ್ರ ಚರಂಡಿಯಲ್ಲಿತ್ತು. ಅದು ಗುಡ್ಡದ ಬದಿಯ ಚರಂಡಿಯಾಗಿತ್ತು, ಕಣಿವೆಯ ಬದಿಯಲ್ಲ. ಹಿಂದಿನಿಂದ ಬಂದ ಮಿನಿಬಸ್ಸಿನವರು ಇಳಿದು ಎತ್ತಿ ರಸ್ತೆಗೆ ಇಟ್ಟರು. ನಿನ್ನ ಅತ್ತೆ ಒಂದೂ ಮಾತಾಡಲಿಲ್ಲ. ಅವತ್ತು ರಾತ್ರಿ ಹುಟ್ಟಿದವನು ಈಗ ನಿನ್ನ ಜೊತೆ ವಾಟ್ಸಾಪಿನಲ್ಲಿ ಜಗಳ ಆಡುತ್ತಾನಲ್ಲ, ಅವನೇ. ಬಸ್ಸಿನಲ್ಲಿ ಹತ್ತು ವರ್ಷ ಸ್ಟೇರಿಂಗ್ ಹಿಡಿದಿದ್ದೆ ನಾನು. ಬಸ್ಸಿನ ಟಯರಿಗೆ 100 ಪೌಂಡಿನ ಮೇಲೆ ಗಾಳಿ ಬೇಕು, ಅದರಲ್ಲಿ ಮೆತ್ತಗೆ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಕಾರಿನ ವಿಷಯದಲ್ಲಿ ನಾನು ಹೆಬ್ಬೆರಳಿನ ಕಾಲದಲ್ಲೇ ಇದ್ದೆ.

ಈಗ ಆ ದೊಡ್ಡ ಅಂಗೈಯ ಮಾತಿಗೆ ಬಾ. ಗಾಳಿ ಕಮ್ಮಿಯಾದಾಗ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ, ಆದರೆ ನಡುಭಾಗ ಒಳಕ್ಕೆ ಕುಸಿದು ಎರಡು ಅಂಚುಗಳ ಮೇಲೆ ಭಾರ ಬೀಳುತ್ತದೆ. ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಾಗ ಬೆರಳಿಗೆ ಬಿಸಿ ತಾಗುವುದಿಲ್ಲವಾ, ಹಾಗೆ. ಹೆದ್ದಾರಿಯಲ್ಲಿ ಟಯರು ಸಿಡಿದ ಸುದ್ದಿ ಓದಿದಾಗಲೆಲ್ಲ ಜನ "ಬಿಸಿಲಿಗೆ ಗಾಳಿ ಹೆಚ್ಚಾಗಿ ಸಿಡೀತು" ಅನ್ನುತ್ತಾರೆ. ಬಹಳ ಸಲ ತಲೆಕೆಳಗಾದ ಮಾತು ಅದು. ಗಾಳಿ ಕಮ್ಮಿಯಿದ್ದು ಗೋಡೆ ಕಾದು ಸಿಡಿದಿರುತ್ತದೆ. ಮುಂದಿನ ಚಕ್ರ ಮೆತ್ತಗಿದ್ದರೆ ಕಾರು ತಿರುವಿನಲ್ಲಿ ಹೊರಕ್ಕೆ ಹೋಗುತ್ತದೆ, ನನ್ನ ಅಂಬಾಸಿಡರಿನ ಹಾಗೆ. ಹಿಂದಿನದು ಮೆತ್ತಗಿದ್ದರೆ ಅದಕ್ಕಿಂತ ಕೆಟ್ಟದು: ಹಿಂಭಾಗ ಬಾಲ ಬೀಸುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಪಳಗಿದ ಕೈ ಬೇಕು. ನಿನ್ನ ಕಾರಿನಲ್ಲಿ ಕಮ್ಮಿಯಿದ್ದದ್ದು ಹಿಂದಿನ ಎಡ ಅನ್ನುವುದು ನೆನಪಿರಲಿ.

ಮಳೆಗೆ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅನ್ನುವ ಇನ್ನೊಂದು ಮಾತು ನಮ್ಮ ಕಡೆ ಹುಡುಗರ ಬಾಯಲ್ಲಿ ಓಡಾಡುತ್ತದೆ. ಅವರಿಗೆ ಹೇಳಿ ಸಾಕಾಗಿದೆ. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಚಕ್ರದ ಅಡಿಗೆ ನೀರು ಹೊಕ್ಕು, ಚಕ್ರ ನೆಲ ಬಿಟ್ಟು ದೋಣಿಯ ಹಾಗೆ ತೇಲುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರ ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿ ಒಂದು ಲೆಕ್ಕ ಕೊಟ್ಟರು. ತೇಲುವ ವೇಗ ನಿಂತಿರುವುದು ಗಾಳಿಯ ಒತ್ತಡದ ಮೇಲೆ. ಅವರ ಲೆಕ್ಕ ಹಿಡಿದರೆ 33 ಪೌಂಡಿಗೆ ಚಕ್ರ ತೇಲುವುದು ಗಂಟೆಗೆ 95 ಕಿಲೋಮೀಟರಿನ ಹತ್ತಿರ. 20 ಪೌಂಡಿಗೆ 75ರ ಹತ್ತಿರವೇ. ಟಯರಿನ ಗೀರು ಎಷ್ಟು ಉಳಿದಿದೆ, ನೀರು ಎಷ್ಟು ಆಳ ಅನ್ನುವುದರ ಮೇಲೆ ಇದು ಏರುಪೇರಾಗುತ್ತದೆ, ಆದರೆ ಯಾವ ದಿಕ್ಕಿಗೆ ಏರುಪೇರು ಅನ್ನುವುದರಲ್ಲಿ ಸಂಶಯವಿಲ್ಲ. ಮಂಡಗದ್ದೆ ದಾಟಿ ತುಂಗೆಯ ಪಕ್ಕದ ನೇರ ರಸ್ತೆಯಲ್ಲಿ ನೀನು ಎಷ್ಟರಲ್ಲಿ ಬರುತ್ತೀ ಅಂತ ನನಗೆ ಗೊತ್ತು. ಕಾರಿನ ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಮ್ಮಿಯಾದರೆ ಅದು ಕಾನೂನಿಗೂ ಬೋಳು. ಗೀರಿನೊಳಗೆ ಅಡ್ಡಕ್ಕೆ ಸಣ್ಣ ಸಣ್ಣ ದಿಬ್ಬ ಇರುತ್ತದೆ, ಟಯರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಬದಲಾಯಿಸಬೇಕು. ನಮ್ಮ ಮಳೆಗಾಲಕ್ಕೆ ಅಲ್ಲಿಯವರೆಗೂ ಕಾಯಬೇಡ ಅನ್ನುವುದು ನನ್ನ ಮಾತು.

ಮೆತ್ತಗಿನ ಸವಾರಿಯ ಆಸೆಗೆ ಬೀಳುವುದು ನಾವು ಮಾತ್ರ ಅಲ್ಲ. 2000ನೇ ಇಸವಿಯ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರು ವಾಪಸ್ಸು ತೆಗೆದುಕೊಳ್ಳಬೇಕಾಯಿತು. ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗೆ ಹಾಕಿದವು. ಓಡುವಾಗ ಟಯರಿನ ಮೇಲ್ಪದರ ಕಿತ್ತುಹೋಗಿ ಗಾಡಿಗಳು ಪಲ್ಟಿ ಹೊಡೆದು ನೂರಾರು ಜನ ಸತ್ತರು. ಆ ಗಾಡಿಗೆ ಫೋರ್ಡಿನವರು ಹೇಳಿದ್ದು 26 ಪೌಂಡ್; ಟಯರಿನವರು 30 ಹಾಕಿ ಅಂದರು. ತಪ್ಪು ಟಯರಿನದೋ ಗಾಡಿಯದೋ ಅಂತ ಎರಡು ಕಂಪನಿಗಳು ಬಹಳ ಕಾಲ ಕಿತ್ತಾಡಿದವು, ಸುಮಾರು ನೂರು ವರ್ಷದ ಸ್ನೇಹ ಮುರಿದುಕೊಂಡವು. ನನಗೆ ಆ ಜಗಳ ಬೇಡ. ನಾಲ್ಕು ಪೌಂಡಿನ ವ್ಯತ್ಯಾಸ ಎಂಥ ದೊಡ್ಡವರ ಮಧ್ಯೆ ಎಂಥ ದೊಡ್ಡ ಮಾತಾಯಿತು ನೋಡು. ಆ ಗಲಾಟೆಯಿಂದಲೇ ಅಲ್ಲಿ ಗಾಳಿ ಕಮ್ಮಿಯಾದರೆ ದೀಪ ಹೊತ್ತುವ ಸಾಧನ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಿನ್ನ ಕಾರಿನಲ್ಲೂ ಅದು ಇದೆ ಅಂದೆ. ಇರಲಿ, ಒಳ್ಳೆಯದೇ. ಆದರೆ ಅಲ್ಲಿನ ನಿಯಮದ ಪ್ರಕಾರ ಆ ದೀಪ ಹೊತ್ತಬೇಕಾದದ್ದು ಕಾಲುಭಾಗ ಗಾಳಿ ಹೋದ ಮೇಲೆ. 33 ಇದ್ದದ್ದು 25ಕ್ಕೆ ಇಳಿಯುವವರೆಗೆ ಅದು ಸುಮ್ಮನೆ ಕೂತರೂ ಕೇಳುವ ಹಾಗಿಲ್ಲ. 31ಕ್ಕೆ ಅದು ತುಟಿ ಬಿಚ್ಚದೇ ಇದ್ದದ್ದು ಅದರ ತಪ್ಪಲ್ಲ.

ಹಾಗಾದರೆ ಚೀಟಿಯ 33 ಎಂಬುದು ವೇದವಾ ಅಂತ ಕೇಳುತ್ತೀ. ಅಲ್ಲ. ಅದು ಹೊರಡುವ ಜಾಗ. ಅಲ್ಲಿಂದ ಒಂದೆರಡು ಪೌಂಡ್ ಆಚೀಚೆ ಆಡಲು ನಿನಗೆ ಸ್ವಾತಂತ್ರ್ಯ ಇದೆ, ಅದಕ್ಕಿಂತ ಹೆಚ್ಚಿಲ್ಲ. ಒಬ್ಬಳೇ ಇದ್ದೀ, ಡಿಕ್ಕಿ ಖಾಲಿ, ಹಳ್ಳಿಯ ಹೊಂಡದ ರಸ್ತೆಯಲ್ಲಿ ನಿಧಾನ ಓಡಾಟ ಅಂದರೆ 32 ಇರಲಿ. ಮೈಗೆ ತಿಳಿಯುವಷ್ಟು ಹಗುರಾಗುತ್ತದೆ. ಇಳಿಸುವುದು ಹೆಚ್ಚಾದರೆ ಹೊಂಡದ ಅಂಚಿಗೆ ಬಡಿದಾಗ ಟಯರಿನ ಗೋಡೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಗೋಡೆಯ ಮೇಲೆ ನೆಲ್ಲಿಕಾಯಿಯಂಥ ಗುಳ್ಳೆ. ಆ ಟಯರಿಗೆ ಪಂಚರ್ ಅಂಗಡಿಯಲ್ಲಿ ಮದ್ದಿಲ್ಲ. ನಿನ್ನ ಟಯರಿನ ಗೋಡೆ ನೋಡಿದೆ, ಮೂರು ಬೆರಳು ಎತ್ತರವೂ ಇಲ್ಲ. ಶೋಕಿಗೆ ದೊಡ್ಡ ರಿಮ್ಮು, ತೆಳ್ಳಗಿನ ಟಯರು. ಕುಲುಕುವುದಕ್ಕೆ ಅರ್ಧ ಕಾರಣ ಅದೇ. ಗಾಳಿ ಇಳಿಸಿ ಅದನ್ನು ಮೆತ್ತಗೆ ಮಾಡುತ್ತೇನೆ ಅನ್ನುವುದು ಮರದ ಮಣೆಗೆ ದಿಂಬಿನ ಕವರು ಹಾಕಿದ ಹಾಗೆ. ಮುಂದಿನ ಸಲ ಟಯರು ಬದಲಿಸುವಾಗ ಅಂಗಡಿಯವನ ಮಾತಿಗಿಂತ ಕಾರಿನ ಪುಸ್ತಕ ನೋಡು. ಅದೇ ಮಾದರಿಯ ಕೆಳದರ್ಜೆಯ ಕಾರಿಗೆ ಕಂಪನಿಯೇ ಸಣ್ಣ ರಿಮ್ಮು, ದಪ್ಪ ಗೋಡೆಯ ಟಯರು ಕೊಟ್ಟಿದ್ದರೆ, ನಮ್ಮ ರಸ್ತೆಗೆ ಅದೇ ಸುಖ.

ನಿನ್ನ ಕೈಗೆ ಬಂದ ಸಂಖ್ಯೆ ಸರಿಯೋ ಅಂತ ನೋಡಲು ಒಂದು ಹಳೆಯ ಉಪಾಯ ಇದೆ. ಒಂದು ಸೀಮೆಸುಣ್ಣ ತೆಗೆದುಕೊಂಡು ಟಯರು ನೆಲ ಮುಟ್ಟುವ ಮೈಯ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡಗೆರೆ ಎಳೆ. ಒಣ ಡಾಂಬರಿನ ಮೇಲೆ ನೂರು ಹೆಜ್ಜೆ ನೇರ ಓಡಿಸಿ ಇಳಿದು ನೋಡು. ಗೆರೆ ನಡುವಿನಲ್ಲಿ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಎರಡು ಅಂಚಿನಲ್ಲಿ ಅಳಿಸಿ ನಡುವೆ ಉಳಿದಿದ್ದರೆ ಕಮ್ಮಿ. ಉದ್ದಕ್ಕೂ ಸಮ ಅಳಿಸಿದ್ದರೆ ಅಂಗೈ ನೆಲಕ್ಕೆ ಸರಿಯಾಗಿ ಕೂತಿದೆ. ನಿನ್ನ 41ರ ಚಕ್ರಕ್ಕೆ ನಾನು ಅವತ್ತು ಹೀಗೇ ಮಾಡಿದ್ದು; ಗೆರೆಯ ಎರಡು ಕೊನೆ ಹಾಗೇ ಬೆಳ್ಳಗೆ ಉಳಿದಿತ್ತು. ನೀನು ಕಾಫಿ ಲೋಟ ಹಿಡಿದುಕೊಂಡು ಬಂದು "ದೊಡ್ಡಪ್ಪ, ಟಯರಿಗೆ ರಂಗೋಲಿಯಾ?" ಅಂದೆ.

ಹೊರೆ ಬದಲಾದರೆ ಲೆಕ್ಕ ಬದಲಾಗುತ್ತದೆ. ಚೀಟಿಯಲ್ಲಿ ಎರಡು ಸಾಲು ಇರುತ್ತದೆ, ಜನ ಮೊದಲನೆಯದನ್ನು ಮಾತ್ರ ಓದುತ್ತಾರೆ. ಎರಡನೆಯದು ಐದು ಜನ, ಸಾಮಾನು ತುಂಬಿದಾಗಿನದು. ಅದರಲ್ಲಿ ಹಿಂದಿನ ಚಕ್ರಕ್ಕೆ ಮೂರು ನಾಲ್ಕು ಪೌಂಡ್ ಹೆಚ್ಚು ಬರೆದಿರುತ್ತಾರೆ, ಕೆಲವು ಕಾರಿಗೆ ಇನ್ನೂ ಹೆಚ್ಚು. ನೀನು ಬರುವಾಗ ಒಬ್ಬಳು. ಹೋಗುವಾಗ ನಿನ್ನ ದೊಡ್ಡಮ್ಮ ಡಿಕ್ಕಿಗೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಉಪ್ಪಿನಕಾಯಿ ಜಾಡಿ ತುಂಬಿ, ಹಿಂದಿನ ಸೀಟಿಗೆ ಮೂರು ಜನ ನೆಂಟರನ್ನು ಶಿವಮೊಗ್ಗದವರೆಗೆ ಅಂತ ಹತ್ತಿಸುತ್ತಾಳೆ. ಕಾರಿನ ಹಿಂಭಾಗ ಕೂತು ಹೆಡ್‌ಲೈಟು ಮರದ ತುದಿ ನೋಡುತ್ತದೆ. ಆಗ ಹಿಂದಿನ ಚಕ್ರಕ್ಕೆ ಎರಡನೇ ಸಾಲಿನ ಗಾಳಿ ಬೇಕು. ಊರು ಮುಟ್ಟಿ ಸಾಮಾನು ಇಳಿಸಿದ ಮೇಲೆ ಮತ್ತೆ ಮೊದಲನೇ ಸಾಲು.

ಬಿಸಿಲು ಚಳಿಯ ಲೆಕ್ಕವೂ ಸುಲಭ. ಐದಾರು ಡಿಗ್ರಿ ಸೆಲ್ಸಿಯಸ್ ಬದಲಾದರೆ ಒಂದು ಪೌಂಡ್. ಬೆಂಗಳೂರಿನ ಮಧ್ಯಾಹ್ನ 30 ಡಿಗ್ರಿಯಲ್ಲಿ 33 ಹಾಕಿಸಿಕೊಂಡು ಬಂದದ್ದು ನಮ್ಮ ಪುಷ್ಯ ಮಾಸದ ಬೆಳಿಗ್ಗೆ 15 ಡಿಗ್ರಿಯಲ್ಲಿ 30 ತೋರಿಸಿದರೆ ಪಂಚರ್ ಅಂತ ಗಾಬರಿಯಾಗಬೇಡ. ಓಡಿ ಕಾದ ಮೇಲೆ ನಾಲ್ಕೈದು ಪೌಂಡ್ ಏರುತ್ತದೆ, ಅದೂ ಸಹಜ. ಅದನ್ನು ನೋಡಿ ದಾರಿಯಲ್ಲಿ ಗಾಳಿ ಬಿಡಿಸುವುದು ಎಲ್ಲಕ್ಕಿಂತ ದೊಡ್ಡ ದಡ್ಡತನ, ತಣ್ಣಗಾದಾಗ ಅಷ್ಟೂ ಕಮ್ಮಿಯಾಗಿ ಕೂರುತ್ತದೆ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆಯಲ್ಲ, ಅಲ್ಲಿ ಹಾಕಿಸಿದ ಗಾಳಿ ಮಲ್ಪೆಯ ದಡದಲ್ಲಿ ಒಂದೂವರೆ ಪೌಂಡ್ ಕಮ್ಮಿ ತೋರಬೇಕು. ಆದರೆ ಕರಾವಳಿಯ ಸೆಕೆ ಅದನ್ನು ಸರಿದೂಗಿಸಿಬಿಡುತ್ತದೆ. ತಲೆ ಕೆಡಿಸಿಕೊಳ್ಳಬೇಡ. ನೈಟ್ರೋಜನ್ನಿಗೂ ಇದೇ ಮಾತು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದು. ಪುಕ್ಕಟೆ ಹಾಕಿದರೆ ಹಾಕಿಸಿಕೊ, ದುಡ್ಡು ಕೊಟ್ಟು ಹುಡುಕಿಕೊಂಡು ಹೋಗಬೇಡ.

ಗಾಳಿ ಇಳಿಸಿದರೆ ಒಳ್ಳೆಯದಾಗುವ ಜಾಗವೂ ಒಂದು ಇದೆ, ಅದೂ ನಮ್ಮಲ್ಲೇ: ಕೆಸರು. ಮಳೆಗಾಲದಲ್ಲಿ ತೋಟಕ್ಕೆ ಗೊಬ್ಬರ ಸಾಗಿಸುವ ಜೀಪಿನವರು ಗುಡ್ಡದ ಬುಡದಲ್ಲಿ ನಿಲ್ಲಿಸಿ ಪುಸ್ ಎಂದು ಅರ್ಧದಷ್ಟು ಗಾಳಿ ಬಿಡುತ್ತಾರೆ. ಚಕ್ರ ಚಪ್ಪಟೆಯಾಗಿ, ಹೂತುಹೋಗುವ ಬದಲು ಕೆಸರಿನ ಮೇಲೆ ತೇಲಿ ಹತ್ತುತ್ತದೆ. ಆದರೆ ಅವರು ಹೋಗುವುದು ನಡಿಗೆಯ ವೇಗದಲ್ಲಿ, ಮತ್ತು ಡಾಂಬರಿಗೆ ಬರುವ ಮೊದಲು ಕೂತು ಗಾಳಿ ಹೊಡೆಯುತ್ತಾರೆ. ಅದನ್ನು ನೋಡಿ ನಿನ್ನ ತಮ್ಮ ತನ್ನ ಸ್ಕೂಟರಿಗೂ ಹಾಗೇ ಮಾಡಿದ್ದಾನೆ ಅಂತ ಕೇಳಿದೆ. ಎರಡು ಚಕ್ರದ ಗಾಡಿ ತಿರುವಿನಲ್ಲಿ ವಾಲಿ ತಿರುಗುತ್ತದೆ, ಮೆತ್ತಗಿನ ಟಯರು ವಾಲಿದಾಗ ತೊಳೆದ ನೆಲದ ಮೇಲಿನ ಚಾಪೆಯ ಹಾಗೆ ಕೆಳಗಿಂದ ಜಾರುತ್ತದೆ. ಸ್ಕೂಟರುಗಳಿಗೆ ಸಾಧಾರಣ ಮುಂದೆ 22ರ ಸುಮಾರು, ಹಿಂದೆ 29ರ ಸುಮಾರು, ಹಿಂದೆ ಒಬ್ಬರು ಕೂತರೆ ಹಿಂದಿನದಕ್ಕೆ ಇನ್ನೂ ಹೆಚ್ಚು. ಅವನ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಅವನಿಗೆ ಓದು ಅನ್ನು, ನಾನು ಹೇಳಿದರೆ ಕೇಳುವುದಿಲ್ಲ.

ಕಣ್ಣಂದಾಜನ್ನು ನಂಬಬೇಡ ಅಂತ ಒಂದು ಮಾತು. ನಾವು ಬಸ್ಸಿನವರು ಬೆಳಿಗ್ಗೆ ಸ್ಪ್ಯಾನರಿನಲ್ಲಿ ಚಕ್ರಕ್ಕೆ ಒಂದು ಪೆಟ್ಟು ಕೊಟ್ಟು ಸದ್ದು ಕೇಳುತ್ತಿದ್ದೆವು. ಠಣ್ ಅಂದರೆ ಸರಿ, ಧಬ್ ಅಂದರೆ ಒಳಗಿನ ಜೋಡಿ ಚಕ್ರ ಕೂತಿದೆ. ಅದು 100 ಪೌಂಡಿನ ಚಕ್ರ, ಸದ್ದು ಮಾಡುತ್ತದೆ. ನಿನ್ನ ರೇಡಿಯಲ್ ಟಯರಿನ ಹೊಟ್ಟೆ ಸರಿಯಿದ್ದಾಗಲೂ ಸ್ವಲ್ಪ ಉಬ್ಬಿರುತ್ತದೆ, 25 ಇದ್ದಾಗಲೂ ಹಾಗೇ ಕಾಣುತ್ತದೆ. ನಾನೇ ನಿನ್ನ ಹಿಂದಿನ ಎಡ ಚಕ್ರವನ್ನು ನೋಡಿ "ಇದು ಸರಿಯಿದೆ, ಮಿಕ್ಕವು ಬಿಗಿ" ಅಂದುಕೊಂಡಿದ್ದೆ, ಗೇಜ್ ಇಟ್ಟ ಮೇಲೆ ಗೊತ್ತಾಗಿದ್ದು ಅದು ಸೋರುತ್ತಿದೆ ಎಂದು. ಬಂಕಿನ ಯಂತ್ರಗಳೂ ಒಂದೊಂದು ಒಂದೊಂದು ಹೇಳುತ್ತವೆ. ದಿನಕ್ಕೆ ನೂರು ಸಲ ನೆಲಕ್ಕೆ ಬೀಳುವ ಪೈಪಿನ ತುದಿ ಅದು. ನಿನ್ನದೇ ಒಂದು ಗೇಜ್ ಇದ್ದರೆ, ಅದು ಒಂದು ಪೌಂಡ್ ತಪ್ಪು ತೋರಿಸಿದರೂ ಯಾವಾಗಲೂ ಅದೇ ಒಂದು ಪೌಂಡ್ ತಪ್ಪು ತೋರಿಸುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಕಾರು ತೆಗೆಯುವ ಮೊದಲು ನೋಡು. ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿದ್ದಾಗ ನೋಡುವುದಾದರೆ ಕಾಲಿಗೆ ಇಂಬಳ ಹತ್ತುವ ಮೊದಲು ಎರಡೇ ನಿಮಿಷದಲ್ಲಿ ಮುಗಿಸಲು ಕಲಿಯುತ್ತೀ.

ವಾಲ್ವಿನ ಒಳಪಿನ್ ತೀರ್ಥಹಳ್ಳಿಯಲ್ಲಿ ಬದಲಾಯಿಸಿ ಕೊಟ್ಟೆನಲ್ಲ, ಅದರ ಮುಚ್ಚಳ ಕಳೆಯಬೇಡ. ಪಿನ್ನಿಗೆ ಮಣ್ಣು ಹೋಗದ ಹಾಗೆ ಕಾಯುವುದು ಆ ಮೂರು ಕಾಸಿನ ಮುಚ್ಚಳವೇ. ನನ್ನ ಪೆನ್ಸಿಲ್ ಗೇಜನ್ನು ನಿನ್ನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಾಕಿದ್ದೇನೆ. ನನಗೆ ಇನ್ನು ಅದೆಂಥಕ್ಕೆ, ಟಿಲ್ಲರಿಗೆ ಗಾಳಿ ನೋಡಲು ಹೆಬ್ಬೆರಳು ಇದೆ.

ಇಷ್ಟೆಲ್ಲ ಬರೆದು ಕಾಗದ ಮಡಚುವಾಗ ಒಂದು ನೆನಪಾಯಿತು, ನನ್ನ ಮೇಲೆ ನನಗೇ ಸಿಟ್ಟು ಬಂದಿತು. ನಾಲ್ಕು ಚಕ್ರ ನೋಡಿದೆವು, ಸ್ಟೆಪ್ನಿ ನೋಡಲಿಲ್ಲ. ಸ್ಟೆಪ್ನಿ ಅನ್ನುವ ಹೆಸರು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯದಂತೆ. 1904ರಲ್ಲಿ ಆ ಸ್ಟೆಪ್ನಿ ಬೀದಿಯ ಅಂಗಡಿಯವರು ಮಾರತೊಡಗಿದ ಹೆಚ್ಚುವರಿ ಚಕ್ರ. ಆ ಊರಿನವರೇ ಈಗ ಆ ಹೆಸರು ಅಷ್ಟಾಗಿ ಬಳಸುವುದಿಲ್ಲವಂತೆ, ನಾವು ಬಿಟ್ಟಿಲ್ಲ. ಅದರ ಗಾಳಿ ಕೂತಲ್ಲೇ ತಿಂಗಳಿಗೆ ಒಂದು ಪೌಂಡಿನಷ್ಟು ಇಳಿಯುತ್ತದೆ, ಯಾರೂ ಕೇಳುವುದಿಲ್ಲ. ಕಾರು ಕೊಂಡು ನಿನಗೆ ಒಂದೂವರೆ ವರ್ಷ ಆಯಿತು. ಡಿಕ್ಕಿಯಲ್ಲಿ ನಿನ್ನ ದೊಡ್ಡಮ್ಮ ಇಟ್ಟ ಅಕ್ಕಿ ಚೀಲ, ಉಪ್ಪಿನಕಾಯಿ ಜಾಡಿ ಇಳಿಸಿ, ಅಡಿಯ ಹಲಗೆ ಎತ್ತಿ ನೋಡು. ಎಷ್ಟಿದೆ ಅಂತ ನೋಡಿ ಸಂಜೆ ಫೋನ್ ಮಾಡು. ಜಾಡಿ ಎತ್ತುವಾಗ ಹುಷಾರು, ಅದರ ಮುಚ್ಚಳವೂ ಸ್ವಲ್ಪ ಸಡಿಲ.